ನಂಬರ್ ಬೀಳದೆ ನಿಂತ ಗಾಡಿ

ಶೋರೂಮಿನ ಯಾರ್ಡಿಗೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಈಗಲೂ ರವಿವಾರ ನಮ್ಮ ಮನೆಯ ಕಡೆ ಬರುತ್ತಾರೆ. ಚಹಾ ಕುಡಿದು, "ಕಾಕಾ, ನಿಮ್ಮ ಕಾಲದ್ದು ಏನರ ಹೇಳ್ರಿ" ಅನ್ನುತ್ತಾರೆ. ಹೇಳಲು ಶುರು ಮಾಡಿದರೆ ಅರ್ಧಕ್ಕೇ ಒಬ್ಬೊಬ್ಬನ ಕೈ ಮೊಬೈಲಿಗೆ ಹೋಗುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ, ಬೇಕಾದವರು ಬೇಕಾದಾಗ ಓದಲಿ. ನಾನು ಆರನೆಯ ಇಯತ್ತೆಗೆ ಶಾಲೆ ಬಿಟ್ಟವನು. ಅಕ್ಷರದ ಒತ್ತು, ದೀರ್ಘ ತಪ್ಪಿದ್ದರೆ ತಿದ್ದಿಕೊಳ್ಳಿ. ಗಾಡಿಯ ಸಂಗತಿ ಮಾತ್ರ ತಿದ್ದಲು ಬರಬೇಡಿ, ಅದು ಸರಿಯಾಗಿಯೇ ಇರುತ್ತದೆ.

ಶೋರೂಮು ಅಂದರೆ ಜನಕ್ಕೆ ಕಾಣುವುದು ಗಾಜು, ತಂಪು ಗಾಳಿ, ಇಸ್ತ್ರಿ ಅಂಗಿಯ ಹುಡುಗರು. ಅದರ ಹಿಂದೆ ಯಾರ್ಡ್ ಅಂತ ಒಂದು ಇರುತ್ತದೆ. ಕಂಪನಿಯ ಉದ್ದನೆಯ ಟ್ರಕ್ಕಿನಿಂದ ಗಾಡಿಗಳು ಇಳಿಯುವುದು ಅಲ್ಲಿ. ಗಿರಾಕಿಯ ಕೈಗೆ ಕೀಲಿ ಹೋಗುವ ತನಕ ಅವುಗಳನ್ನು ಬಿಸಿಲು, ಧೂಳು, ಇಲಿಗಳಿಂದ ಕಾಯುವುದು, ಕೊನೆಗೆ ಮನೆಯ ಬಾಗಿಲಿಗೆ ಒಯ್ದು ಮುಟ್ಟಿಸುವುದು ಯಾರ್ಡಿನವರ ಕೆಲಸ. ಬಾಗಲಕೋಟೆಯ ನವನಗರದ ನಮ್ಮ ಯಾರ್ಡಿಗೆ ನಾನು ಹಿರಿಯನಾಗಿದ್ದೆ. ಜನ ಗಾಡಿ ಬುಕ್ ಮಾಡುವುದು ಒಳಗೆ, ಆಮೇಲೆ ಸುಮ್ಮನೆ ಹಿಂದಕ್ಕೆ ಬಂದು, "ಈರಣ್ಣಾವ್ರ, ಚಲೋ ಐತೇನ್ರಿ ಗಾಡಿ?" ಎಂದು ನನ್ನನ್ನು ಕೇಳುತ್ತಿದ್ದರು. ನಾನು ಹೂಂ ಅಂದರೆ ಹೂಂ. ಇದನ್ನು ಜಂಬವೆಂದು ಯಾರಾದರೂ ಅಂದುಕೊಂಡರೆ ಅಂದುಕೊಳ್ಳಲಿ.

ಈ ಕೆಲಸಕ್ಕೆ ನನ್ನನ್ನು ಹಚ್ಚಿದವರು ನಮ್ಮ ದೊಡ್ಡ ಸಾಹುಕಾರರು. ಹಳೆ ಬಾಗಲಕೋಟೆಯಲ್ಲಿ ಅವರದು ಜೀಪು, ಟೆಂಪೋ ಮಾರುವ ಅಂಗಡಿ, ಪಕ್ಕದಲ್ಲೇ ಗ್ಯಾರೇಜು. ಆ ಓಣಿಯ ಮೇಲೆ ಈಗ ಆಣೆಕಟ್ಟಿನ ಹಿನ್ನೀರು ನಿಂತಿದೆ. ಅಲ್ಲಿ ಒಂದು ಬೇವಿನ ಮರವಿತ್ತು, ಅದರ ಬುಡದಲ್ಲಿ ಬಿಚ್ಚಿದ ಗೇರ್‌ಬಾಕ್ಸುಗಳು. ಊರು ಬಿಟ್ಟು ಏಳಬೇಕಾದಾಗ ಜನ ಬಾಗಿಲು, ತೊಲೆ, ದೇವರ ಜಗಲಿ ಕಿತ್ತುಕೊಂಡು ನವನಗರಕ್ಕೆ ಬಂದರು. ನಮ್ಮ ಸಾಹುಕಾರರು ಗ್ಯಾರೇಜಿನ ನೆಲಕ್ಕೆ ಹಾಸಿದ್ದ ಕಲ್ಲುಗಳನ್ನೂ ಕೀಳಿಸಿ ಹೇರಿಸಿದರು. "ಎಣ್ಣಿ ಕುಡದ ಕಲ್ಲು ಇವು, ಹೊಸಾ ಕಲ್ಲಿಗೆ ಈ ರುಚಿ ಬರಾಕ ಮತ್ತೊಂದು ಜನ್ಮ ಬೇಕು" ಎಂದರು. ಡೀಸೆಲ್ ವಾಸನೆಯ ಆ ಕಲ್ಲುಗಳ ಮೇಲೆಯೇ ನಾನು ಕೆಲಸ ಕಲಿತದ್ದು.

ಅವರಿಗೆ ಒಂದು ಪದ್ಧತಿ ಇತ್ತು. ಗಾಡಿಯನ್ನು ಖಾಲಿ ಓಡಿಸಿ ತೋರಿಸುವುದೆಂದರೆ ಗಿರಾಕಿಗೆ ಮೋಸ ಅನ್ನುತ್ತಿದ್ದರು. "ಖಾಲಿ ಗಾಡಿ ಕತ್ತೆನೂ ಎಳೀತೈತಿ. ಹೊರಿ ಹಾಕಿ ತೋರಸಲೇ ಈರ್ಯಾ." ಹಾಗಾಗಿ ನಾವು ಅದಕ್ಕೆ ಹೊರೆ ಪರೀಕ್ಷೆ ಎಂದೇ ಹೆಸರಿಟ್ಟಿದ್ದೆವು. ಒಮ್ಮೆ ಕೆರೂರಿನವರೊಬ್ಬರು ಜೀಪು ನೋಡಲು ಬಂದರು. ಅಂದು ಕೆರೂರಿನ ಸಂತೆ. ಸಾಹುಕಾರರು, "ಹಾದ್ಯಾಗ ನಿಂತವರನ್ನೆಲ್ಲಾ ಹತ್ತಿಸಿಕೊಂಡು ಹೋಗು, ಗಿರಾಕಿಗೆ ಗಾಡಿ ತಾಕತ್ತು ಗೊತ್ತಾಗ್ಲಿ" ಎಂದು ಕಳಿಸಿದರು. ನಾನು ನಿಂತವರನ್ನೆಲ್ಲ ಹತ್ತಿಸಿಕೊಂಡೆ. ಆಡು ಬಂತು, ಮೆಣಸಿನಕಾಯಿ ಚೀಲ ಬಂತು, ಬುಟ್ಟಿಯಲ್ಲಿ ಕೋಳಿ ಬಂತು. ಜೀಪು ಏರಿನಲ್ಲಿ ಒಂದಿಷ್ಟೂ ದಣಿಯಲಿಲ್ಲ. ಸಂತೆಯಲ್ಲಿ ಎಲ್ಲರೂ ಇಳಿದರು, ಕೋಳಿ ಬುಟ್ಟಿಯ ಮುದುಕಿ ಮಾತ್ರ ಇಳಿಯಲಿಲ್ಲ.

"ಇಳಿ ಬೇ ಅವ್ವಾ, ಕೆರೂರ ಬಂತು" ಅಂದೆ.

"ಇಳೀತೇನಿ ತಮ್ಮಾ, ನೀ ಸಂಜಿಕ ಯಾ ಯಾಳ್ಯಾಕ ತಿರುಗಿ ಬಿಡ್ತಿ ಅಷ್ಟ ಹೇಳು. ಬಸ್ಸಿನ್ಯಾಗ ಕೋಳಿಗೂ ಟಿಕೀಟು ತಗಸ್ತಾರ" ಎಂದಳು.

ಪಕ್ಕದಲ್ಲಿ ಕೂತಿದ್ದ ಗಿರಾಕಿ ನಕ್ಕುಬಿಟ್ಟರು. ಜೀಪಿನ ಕೀಲಿ ಅಲ್ಲೇ ಅವರ ಕೈಗೆ ಹೋಯಿತು. ಮುದುಕಿಯನ್ನು ಸಂಜೆ ಹೊಸ ಮಾಲೀಕರೇ ಬಿಟ್ಟುಬಂದರಂತೆ.

ಎಲ್ಲ ಸಲವೂ ಹೀಗೆ ಸುಖವಾಗಿ ಮುಗಿಯುತ್ತಿರಲಿಲ್ಲ. ಬಾದಾಮಿಗೆ ಒಂದು ಕಾರು ಮುಟ್ಟಿಸಲು ಹೋಗಿದ್ದೆ. ಮಾಲೀಕರು ಪೂಜೆಗೆಂದು ಗುಡ್ಡದ ಕೆಳಗೆ ಗಾಡಿ ನಿಲ್ಲಿಸಲು ಹೇಳಿದರು. ಹೂವಿನ ಹಾರ, ಬಾಳೆಹಣ್ಣು, ಒಡೆಯಲು ಇಟ್ಟ ತೆಂಗಿನಕಾಯಿ, ಎಲ್ಲ ಬಾನೆಟ್ಟಿನ ಮೇಲೆ. ನಾನು ಕೀಲಿ ಕೊಟ್ಟು ಕೈಮುಗಿಯುವಷ್ಟರಲ್ಲಿ ಮಂಗಗಳ ದಂಡೇ ಇಳಿದು ಬಂತು. ಹಾರ ತಿಂದವು, ಹಣ್ಣು ಸುಲಿದವು, ಒಂದು ಮರಿ ವೈಪರನ್ನು ಹಿಡಿದು ಜೋತಾಡಿ ಕಿತ್ತುಕೊಂಡು ಹೋಯಿತು. ಮಾಲೀಕರ ಹೆಂಡತಿ ಅತ್ತೇಬಿಟ್ಟರು. ಮಾಲೀಕರು, "ಅಳಬ್ಯಾಡ, ಹನಮಪ್ಪನಽ ಬಂದು ಪೂಜಿ ತೊಗೊಂಡಾನ" ಎಂದು ಸಮಾಧಾನ ಮಾಡಿದರು. ಹೊಸ ವೈಪರನ್ನು ಮಾತ್ರ ನನ್ನಿಂದಲೇ ತರಿಸಿಕೊಂಡರು. ಬಾದಾಮಿಗೆ ಗಾಡಿ ಒಯ್ಯುವವರು ಪೂಜೆಯನ್ನು ಮನೆಯೊಳಗಿನ ಅಂಗಳದಲ್ಲೇ ಮಾಡಿಸಿರಿ.

ಯಾರ್ಡಿನಲ್ಲಿ ಇನ್ನೊಂದು ಪದ್ಧತಿ, ಅಮಾವಾಸ್ಯೆಯದು. ಅಮಾವಾಸ್ಯೆ ಬಂತೆಂದರೆ ನಿಂತ ಗಾಡಿಗಳನ್ನೆಲ್ಲ ತೊಳೆದು, ಗಾಲಿಗೆ ನಿಂಬೆಹಣ್ಣು ಇಟ್ಟು, ಚಾಲೂ ಮಾಡಿ ಒಂದು ಸುತ್ತು ಓಡಿಸಿ ನಿಲ್ಲಿಸಬೇಕು. ದೇವರ ಹೆಸರಿನಲ್ಲಿ ಮಾಡುವ ಕೆಲಸವೇ ಹೌದು. ಆದರೆ ಅದರಿಂದ ಬ್ಯಾಟರಿ ಸತ್ತುಹೋಗುತ್ತಿರಲಿಲ್ಲ, ಟೈರು ಒಂದೇ ಮಗ್ಗುಲಿಗೆ ಚಪ್ಪಟೆಯಾಗುತ್ತಿರಲಿಲ್ಲ. ಸಾಲಾಗಿ ನಿಂತ ಡೀಸೆಲ್ ಗಾಡಿಗಳು ಒಂದರ ಹಿಂದೆ ಒಂದು ಕೆಮ್ಮಿ, ಹೊಗೆ ಬಿಟ್ಟು, ಎದ್ದು ನಿಲ್ಲುವ ಸಪ್ಪಳ ಈಗಲೂ ನನ್ನ ಕಿವಿಯಲ್ಲಿದೆ. ಯಾವ ಗಾಡಿಯ ಹೊಟ್ಟೆಯಲ್ಲಿ ಏನು ನೋವಿದೆ ಎಂಬುದನ್ನು ಆ ಒಂದು ಮುಂಜಾನೆ ನಾನು ಕಿವಿಯಿಂದಲೇ ತಿಳಿದುಕೊಳ್ಳುತ್ತಿದ್ದೆ.

ಅಂಥ ಯಾರ್ಡಿಗೆ ಸಪ್ಪಳವೇ ಇಲ್ಲದ ಗಾಡಿ ಬಂದು ಇಳಿಯಿತು.

ಆಗ ದೊಡ್ಡ ಸಾಹುಕಾರರು ಇರಲಿಲ್ಲ, ತೀರಿಕೊಂಡಿದ್ದರು. ಮಗ, ನಾವು ಸಣ್ಣ ಸಾಹುಕಾರರು ಎನ್ನುತ್ತಿದ್ದವರು, ಗಾದಿಗೆ ಬಂದಿದ್ದರು. ಇಳಕಲ್ಲಿನ ಗ್ರಾನೈಟ್ ವ್ಯಾಪಾರಿಯೊಬ್ಬರು ಅಳಿಯನಿಗೆಂದು ಆ ಎಲೆಕ್ಟ್ರಿಕ್ ಕಾರನ್ನು ತರಿಸಿದ್ದರು. ನಮ್ಮ ಶೋರೂಮಿಗೆ ಬಂದ ಮೊದಲನೆಯದು ಅದು, ಆಕಾಶದ ಬಣ್ಣ. ಅಳಿಯ ಬಂದು ಕೂತು, ಗುಂಡಿ ಒತ್ತಿ, ಕಿವಿಗೊಟ್ಟು ಕೇಳಿದ.

"ಚಾಲೂ ಆಗೇತೇನ್ರಿ ಇದು?"

"ಆಗೇತ್ರಿ ಸಾಹೇಬ್ರ."

"ಮತ್ತ ಸಪ್ಪಳ?"

"ಸಪ್ಪಳ ಇರಂಗಿಲ್ರಿ ಇದಕ್ಕ."

"ಹಂಗಾರ ಓಣ್ಯಾಗ ನಾ ಬಂದದ್ದು ಯಾರಿಗೆ ಗೊತ್ತಾಗಬೇಕ್ರಿ?" ಎಂದವನು ಇಳಿದು ಹೋದ. ಮಾವ ಬುಕಿಂಗ್ ರದ್ದು ಮಾಡಿದರು.

ಆ ಗಾಡಿ ಹಾಗೇ ಉಳಿಯಿತು. ಸ್ವಲ್ಪ ದಿನಕ್ಕೆ ಅದಕ್ಕಿಂತ ದೊಡ್ಡ ಬ್ಯಾಟರಿಯ ಹೊಸ ನಮೂನೆ ಬಂತು, ಹಳೆಯದನ್ನು ಯಾರೂ ಕೇಳಲಿಲ್ಲ. ಹೆಚ್ಚುಕಡಿಮೆ ಮೂರು ವರ್ಷ ಅದು ತಗಡಿನ ಶೆಡ್ಡಿನ ಕೆಳಗೆ ನಿಂತಿತು. ನಂಬರ್ ಬೀಳಲಿಲ್ಲ, ಯಾರ ಹೆಸರಿಗೂ ಆಗಲಿಲ್ಲ. ಇದನ್ನು ಹೊಸಬರು ಚೆನ್ನಾಗಿ ತಿಳಿದುಕೊಳ್ಳಬೇಕು. ಗಾಡಿಗೆ ಎರಡು ವಯಸ್ಸು. ಒಂದು ಕಾರ್ಖಾನೆಯಿಂದ ಹೊರಬಿದ್ದ ದಿನದ್ದು, ಇನ್ನೊಂದು ಆರ್‌ಟಿಒ ಆಫೀಸಿನಲ್ಲಿ ಅದಕ್ಕೆ ನಂಬರ್ ಬಿದ್ದ ದಿನದ್ದು. ಸಾಮಾನ್ಯವಾಗಿ ಎರಡರ ನಡುವೆ ಒಂದೆರಡು ತಿಂಗಳ ಅಂತರ ಇರುತ್ತದೆ. ಈ ಗಾಡಿಗೆ ಮೊದಲನೆಯ ವಯಸ್ಸು ಆಗಿತ್ತು, ಎರಡನೆಯದು ಹುಟ್ಟಿಯೇ ಇರಲಿಲ್ಲ.

ಅದನ್ನು ಮಗುವಿನ ಹಾಗೆ ನೋಡಿಕೊಂಡವನು ನಮ್ಮ ವಾಚ್‌ಮನ್ ಹುಸೇನಸಾಬ. ಉಳಿದ ಗಾಡಿಗಳಂತೆ ಅಮಾವಾಸ್ಯೆಗೆ ಇದನ್ನು ಚಾಲೂ ಮಾಡಿ ಕೆಮ್ಮಿಸುವ ಹಾಗಿಲ್ಲವಲ್ಲ, ಪಾಪ ಇದಕ್ಕೇನು ಮಾಡುವುದು ಎಂದು ಅವನಿಗೆ ಸಂಕಟ. ಕೊನೆಗೆ ಚಾರ್ಜಿನ ವಾಯರನ್ನು ಸಿಕ್ಕಿಸಿ ಹಾಗೇ ಬಿಟ್ಟ. ಸ್ವಲ್ಪ ಇಳಿಯಿತೆಂದರೆ ಮತ್ತೆ ತುಂಬುತ್ತಿತ್ತು. "ಮೂಕ ಪ್ರಾಣಿರಿ ಇದು, ಹೊಟ್ಟಿ ಹಸದ್ರ ಒದರಾಕ ಬರಂಗಿಲ್ಲ" ಎನ್ನುತ್ತಿದ್ದ. ನನಗೂ ಅದು ಸರಿ ಅನ್ನಿಸಿತ್ತು. ಒಂದು ಅಮಾವಾಸ್ಯೆಯೂ ತಪ್ಪದೆ ಅದಕ್ಕೂ ನಿಂಬೆಹಣ್ಣು ಇಡುತ್ತಿದ್ದೆವು. ಟೈರಿನ ಮೇಲೆ ರಬ್ಬರಿನ ಸಣ್ಣ ಕೂದಲು ಹಾಗೇ ಇದ್ದವು, ಸೀಟಿನ ಪ್ಲಾಸ್ಟಿಕ್ ಹರಿದಿರಲಿಲ್ಲ. ಕಣ್ಣಿಗೆ ನೋಡಿದರೆ ನಿನ್ನೆ ಬಂದ ಗಾಡಿ.

ಒಂದು ಮಧ್ಯಾಹ್ನ ಹುನಗುಂದದ ಮಾಂತೇಶ ಅದನ್ನು ಕೇಳಿಕೊಂಡು ಬಂದ. ಊರಲ್ಲಿ ಹಿಟ್ಟಿನ ಗಿರಣಿ ನಡೆಸುವವನು. ರೆಪ್ಪೆಯ ಮೇಲೂ ಹಿಟ್ಟು. ಜೊತೆಗೆ ಅಕ್ಕ ಗಂಗಕ್ಕ, ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದ ಹೆಂಗಸು. ತಾಯಿ ಹೋದ ಮೇಲೆ ತಮ್ಮನನ್ನು ಸಾಕಿದವಳು ಅವಳೇ. ಅವಳ ಎರಡೂ ಕಿಡ್ನಿ ಹೋಗಿದ್ದವು. ಊರಿನ ಹತ್ತಿರ ಡಯಾಲಿಸಿಸ್ ಯಂತ್ರದ ಸರದಿ ಸಿಕ್ಕಿರಲಿಲ್ಲ, ಬಾಗಲಕೋಟೆಯಲ್ಲಿ ಸಿಕ್ಕಿತ್ತು. ವಾರಕ್ಕೆ ಮೂರು ದಿನ ರಕ್ತ ತೊಳೆಸಿಕೊಳ್ಳಲು ಬರಬೇಕು. ಬರುವಾಗ ಬಸ್ಸು ಹೇಗೋ ನಡೆಯುತ್ತಿತ್ತು. ಹೋಗುವಾಗ ಮೈಯಲ್ಲಿ ಜೀವ ಇರುತ್ತಿರಲಿಲ್ಲ. ಸೂಜಿ ಚುಚ್ಚಿದ ಎಡಗೈಯನ್ನು ಎದೆಗೆ ಅವಚಿಕೊಂಡು, ಯಾರ ಚೀಲ ತಾಗುತ್ತದೋ ಎಂದು ಅಂಜಿಕೊಂಡು ಹುನಗುಂದದ ತನಕ ಕೂರಬೇಕು. ಬಾಡಿಗೆ ಕಾರು ಮಾಡಿದರೆ ಗಿರಣಿಯ ದುಡಿಮೆಯೆಲ್ಲ ಅದಕ್ಕೇ.

ಸಣ್ಣ ಸಾಹುಕಾರರು ತಾವೇ ಹಿಂದಕ್ಕೆ ಬಂದರು. "ಹೊಸಾ ಗಾಡಿರಿ, ಒಂದು ಸಲಾನೂ ರೋಡಿಗೆ ಹೋಗಿಲ್ಲ. ಹಳೇ ನಮೂನಿ ಅಂತ ಅರ್ಧ ರೇಟಿಗೆ ಕೊಡ್ತೇನಿ. ಮೊದಲನೇ ಮಾಲಕ ನೀವಽ ಆಗ್ತೀರಿ" ಎಂದರು. ಮಾಂತೇಶನ ಕಣ್ಣು ಅರಳಿದವು. ನಮ್ಮ ಕಡೆ ಆ ಮಾತಿಗೆ ತೂಕ ಜಾಸ್ತಿ. ಮೊದಲ ಪೂಜೆ ನಮ್ಮ ಕೈಯಿಂದ ಆದ ಗಾಡಿ ಮನೆಗೆ ಬೆಳಕು, ಇನ್ನೊಬ್ಬರು ಬಿಟ್ಟದ್ದು ಅವರ ಪೀಡೆ ಹೊತ್ತು ತರುತ್ತದೆ ಅಂತ ನಂಬಿಕೆ.

ಗಂಗಕ್ಕ ಮಾತ್ರ ಗಾಡಿಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು. "ಅಣ್ಣಾರ, ಇದು ನನ್ನ ಮನಿಗೆ ಮುಟ್ಟಸ್ತೈತಿ?" ಎಂದಳು.

ಎಷ್ಟೋ ಜನ ನನ್ನನ್ನು ಗಾಡಿ ಚಲೋ ಇದೆಯಾ ಎಂದು ಕೇಳಿದ್ದರು. ಮನೆಗೆ ಮುಟ್ಟಿಸುತ್ತದೆಯಾ ಎಂದು ಯಾರೂ ಕೇಳಿರಲಿಲ್ಲ. ಹೂಂ ಅನ್ನಲು ಬಾಯಿ ಬರಲಿಲ್ಲ. "ನೋಡಿ ಹೇಳ್ತೇನಿ ತಂಗಿ" ಅಂದೆ.

ವರ್ಕ್‌ಶಾಪಿನಲ್ಲಿ ರೇಣುಕಾ ಎಂಬ ಹುಡುಗಿ ಇದ್ದಳು, ಡಿಪ್ಲೊಮಾ ಓದಿದವಳು, ಎಲೆಕ್ಟ್ರಿಕ್ ಗಾಡಿಗಳ ಕೆಲಸಕ್ಕೆಂದೇ ಸೇರಿದ್ದಳು. ಅವಳು ಬರುವಾಗ ನಾನು, ಸ್ಪ್ಯಾನರ್ ಹಿಡಿಯದ ಮೆಕ್ಯಾನಿಕ್ ಎಂದು ಚೇಷ್ಟೆ ಮಾಡಿದವನು. ಅಂದು ನಾನೇ ಅವಳನ್ನು ಕರೆದೆ. ಅವಳು ಗಾಡಿಗೆ ಲ್ಯಾಪ್‌ಟಾಪು ಸಿಕ್ಕಿಸಿ ನೋಡಿ, "ಕಾಕಾ, ಬ್ಯಾಟರಿಯೊಳಗ ಒಂದು ಗುಂಪಿನ ಸೆಲ್‌ಗಳು ಸೋತಾವ್ರಿ. ಉಳಿದಾವೂ ಒಂದೀಟು ಇಳದಾವು" ಎಂದಳು.

"ಅಲ್ಲವ್ವಾ, ಒಂದು ಮೈಲಿನೂ ಓಡಿಲ್ಲ, ಮ್ಯಾಲ ಯಾವತ್ತೂ ಉಪಾಸ ಕೆಡವಿಲ್ಲ. ಹೆಂಗ ಸೋಲ್ತಾವ?"

"ಉಪಾಸ ಕೆಡವಲಿಲ್ಲಂತನ ಸೋತಾವ್ರಿ. ಹೊಟ್ಟಿ ಬಿರಿಯುವಂಗ ಉಣಿಸಿ ಕಾದ ತಗಡಿನ ಕೆಳಗ ಮಲಗಿಸಿದ್ರ ನಿಮಗ ಹೆಂಗಾಕ್ಕೈತ್ರಿ? ಇವಕ್ಕ ಅರ್ಧ ಹೊಟ್ಟಿ, ತಂಪು ಜಾಗಾ, ಇಷ್ಟ ಬೇಕು."

ಹುಸೇನಸಾಬ ಅಲ್ಲೇ ನಿಂತಿದ್ದ. ಅವನ ಮುಖ ನೋಡಲಾಗಲಿಲ್ಲ. "ಯಾ ಅಲ್ಲಾ, ನಾನಽ ಉಣಿಸಿ ಉಣಿಸಿ ಕೊಂದ್ನೇನ್ರಿ?" ಎಂದ. ರೇಣುಕಾ ಅವನ ಭುಜ ಮುಟ್ಟಿ, "ಸತ್ತಿಲ್ಲ ಬಿಡೋ ಮಾಮಾ, ಅಜೀರ್ಣ ಆಗೇತಿ ಅಷ್ಟ" ಎಂದು ನಗಿಸಿದಳು.

ಸಣ್ಣ ಸಾಹುಕಾರರಿಗೆ ಹೇಳಿದರೆ, "ನಾಕು ದಿನ ರೋಡಿಗೆ ಓಡಿದ್ರ ಸರಿ ಹೊಂದಿಕೊಂತಾವ ತೊಗೊಳ್ರಿ" ಎಂದರು. ಅವರು ಕೆಟ್ಟವರಲ್ಲ. ಕೆಲವು ಸಲ ಹಾಗೆ ಹೊಂದಿಕೊಳ್ಳುವುದೂ ಉಂಟು ಎಂದು ರೇಣುಕಾಳೇ ಒಪ್ಪಿದಳು. ನಾನು ಹೊರೆ ಪರೀಕ್ಷೆಯ ಮಾತು ತೆಗೆದೆ. ಇಲ್ಲಿಂದ ಹುನಗುಂದ, ನಡುವೆ ಚಾರ್ಜ್ ಮಾಡದೆ ಮತ್ತೆ ಇಲ್ಲಿಗೆ. ಅವಳ ಒಂದು ದಿನದ ದಾರಿ ಅಷ್ಟೇ.

"ಗಿರಾಕಿ ಮುಂದ ನಿಂತು ಹೋದ್ರ?" ಎಂದರು ಸಣ್ಣ ಸಾಹುಕಾರರು.

"ಆಕಿ ಒಬ್ಬಾಕಿನ ಇದ್ದಾಗ ನಿಲ್ಲೂದಕ್ಕಿಂತ ನಾ ಇದ್ದಾಗ ನಿಂತ್ರ ಚಲೋ ಅಲ್ರಿ" ಅಂದೆ. ಅವರು ಗಾಡಿಯ ಕೀಲಿಯನ್ನು ನನ್ನ ಕಡೆ ಸರಿಸಿದರು.

ಯಂತ್ರದ ಸರದಿ ಇಲ್ಲದ ಒಂದು ದಿನ ಅಕ್ಕ ತಮ್ಮ ಇಬ್ಬರೂ ಬಂದರು. ನಂಬರ್ ಇಲ್ಲದ ಗಾಡಿಯನ್ನು ರಸ್ತೆಗೆ ತರಲು ಡೀಲರಿಗೆ ಒಂದು ಬೇರೆ ಪ್ಲೇಟು ಇರುತ್ತದೆ, ಅದನ್ನು ಕಟ್ಟಿದೆವು. ನೀನು ಬರುವುದು ಬೇಡ ಎಂದು ಗಂಗಕ್ಕನಿಗೆ ನಾನೂ ಮಾಂತೇಶನೂ ಹೇಳಿ ನೋಡಿದೆವು. "ಯಾಕ ಬರಬಾರದು? ಹೊರಿ ಅಂದ್ರ ನಾನಽ ಅಲ್ಲೇನ್ರಿ? ನನ್ನ ಬಿಟ್ಟು ಪರೀಕ್ಷಾ ಮಾಡಿದ್ರ ಪಾಸಾದವರು ಯಾರು?" ಎಂದು ಹಿಂದಿನ ಸೀಟಿನಲ್ಲಿ ಕೂತಳು. ಡಿಕ್ಕಿಯಲ್ಲಿ ಮಾಂತೇಶ ಎರಡು ಚೀಲ ಜೋಳ ಹಾಕಿದ.

ಶಿರೂರು ದಾಟಿದೆವು, ಅಮೀನಗಡ ದಾಟಿದೆವು. ನನ್ನ ಕಿವಿಗೆ ಕೆಲಸವೇ ಇಲ್ಲ. ಟೈರಿನ ಸಪ್ಪಳ, ಗಾಳಿಯ ಸಪ್ಪಳ, ಗಂಗಕ್ಕನ ಮಾತು. ಆಕೆ ಒಂದೊಂದು ಊರು ಬಂದಾಗಲೂ ಆ ಊರಿನ ಬಸ್ ಸ್ಟ್ಯಾಂಡಿನಲ್ಲಿ ತನಗೆ ಏನಾಗಿತ್ತು ಎಂದು ಹೇಳುತ್ತಿದ್ದಳು. ಒಂದು ಕಡೆ ವಾಂತಿ, ಒಂದು ಕಡೆ ಕಣ್ಣು ಕತ್ತಲೆ ಬಂದು ಕೂತದ್ದು, ಮತ್ತೊಂದು ಕಡೆ ಒಬ್ಬ ಕಂಡಕ್ಟರ್ ತನ್ನ ಸೀಟನ್ನೇ ಬಿಟ್ಟುಕೊಟ್ಟದ್ದು. ಎಲ್ಲವನ್ನೂ ನಗುನಗುತ್ತಲೇ ಹೇಳಿದಳು. ಹುನಗುಂದ ಮುಟ್ಟಿ, ಅವರ ಗಿರಣಿಯ ಮುಂದೆಯೇ ತಿರುಗಿಸಿಕೊಂಡು ಹೊರಟೆವು. ಆಗ ಮೀಟರಿನಲ್ಲಿ ಅರ್ಧದಷ್ಟು ಚಾರ್ಜು ಇತ್ತು. ನನಗೆ ಧೈರ್ಯ ಬಂತು.

ಅಮೀನಗಡ ಇನ್ನೂ ಸ್ವಲ್ಪ ದೂರ ಇರುವಾಗ ಆ ಚಾರ್ಜಿನ ಅಂಕಿ ಬಿದ್ದಿತು. ಇಳಿಯಲಿಲ್ಲ, ಬಿದ್ದಿತು, ಮೆಟ್ಟಿಲು ತಪ್ಪಿದವರ ಹಾಗೆ. ಆಕ್ಸಲರೇಟರ್ ತುಳಿದರೆ ಗಾಡಿ ಓಡದು. ಪರದೆಯ ಮೇಲೆ ಆಮೆಯ ಚಿತ್ರ ಬಂತು. ಎತ್ತಿನ ಬಂಡಿಯೊಂದು ನಮ್ಮನ್ನು ದಾಟಿ ಹೋಯಿತು. ಬಂಡಿಯ ಯಜಮಾನ ಹಿಂತಿರುಗಿ ನೋಡಿ, "ಹಗ್ಗ ಐತ್ರಿ, ಕಟ್ಟಲೇನ್ರಿ?" ಎಂದ. ನನ್ನ ಜೀವಮಾನದಲ್ಲಿ ಅಂಥ ಮಾತನ್ನು ನಾನು ಕೇಳಿರಲಿಲ್ಲ. ಹೇಗೋ ತೆವಳಿಸಿಕೊಂಡು ಅಮೀನಗಡದ ಮೊದಲ ಕರದಂಟಿನ ಅಂಗಡಿಗೆ ತಂದು ನಿಲ್ಲಿಸಿದೆ.

ಅಂಗಡಿಯವನು ಹಿಂಬದಿಯಲ್ಲಿ ತುಪ್ಪದಲ್ಲಿ ಅಂಟು ಹುರಿಯುತ್ತಿದ್ದ. ಪ್ಲಗ್ ಕೇಳಿದರೆ, "ಹಾಕ್ರಿ ಯಜಮಾನ್ರ. ಇಲ್ಲಿ ಬಂದವರು ಎಲ್ಲಾರೂ ತಿಂದ ಹೋಗ್ತಾರ, ಗಾಡಿ ಒಂದಽ ಯಾಕ ಉಪಾಸ ಇರಬೇಕು?" ಎಂದ. ಗಂಗಕ್ಕನನ್ನು ಫ್ಯಾನಿನ ಕೆಳಗೆ ಕೂರಿಸಿ ಒಂದು ತುಂಡು ಕರದಂಟನ್ನು ಕೈಗಿಟ್ಟ. ಒಣಹಣ್ಣು, ಬೆಲ್ಲ, ಅವಳಿಗೆ ಡಾಕ್ಟರು ಬೇಡ ಅಂದದ್ದೇ ಅದು. ಬೇಡ ಎಂದು ಅವನಿಗೆ ಹೇಳಲಿಲ್ಲ. ಮೂಗಿಗೆ ಹಿಡಿದು ಉದ್ದಕ್ಕೆ ಉಸಿರು ಎಳೆದುಕೊಂಡಳು. "ವಾಸನಿಗೆ ಡಾಕ್ಟರು ಪಥ್ಯ ಹೇಳಿಲ್ಲ" ಎಂದು ನನ್ನ ಕೈಗೆ ದಾಟಿಸಿದಳು. ನಾನು ಅದನ್ನು ಕಾಗದದಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡೆ.

ಮಾಂತೇಶ ಕೆಳಗೆ ನೋಡಿಕೊಂಡು ಹೇಳಿದ. "ಬ್ಯಾಡ ಬಿಡ್ರಿ ಕಾಕಾ. ಇವತ್ತು ಆಕಿ ಆರಾಮ ಅದಾಳ. ಸೂಜಿ ತಗದ ದಿನಾ ಇಲ್ಲಿ ನಿಂತಿದ್ರ ನಾ ಏನ್ ಮಾಡ್ತಿದ್ದೆ? ಸೋವಿ ಅಂತ ಆಸಿ ಬಿದ್ದೆ." ತಲೆ ಎತ್ತಿ ನೇರವಾಗಿ ಕೇಳಿದ, "ಖರೆ ಹೇಳ್ರಿ. ನಿಮ್ಮ ಮನ್ಯಾಗ ಇಂಥಾಕಿ ಇದ್ರ ನೀವು ಇದನ್ನ ತೊಗೊಂತಿದ್ರ್ಯಾ?"

ಯಾರ ಅನ್ನ ತಿನ್ನುತ್ತಿದ್ದೇನೆ ಎಂಬುದು ನನಗೆ ಮರೆತಿರಲಿಲ್ಲ. ಆದರೂ ಹೇಳಿದೆ. "ಹಿಂಗ ಇದ್ದಂಗ ತೊಗೊಂತಿದ್ದಿಲ್ಲಪ್ಪಾ. ಬ್ಯಾಟರಿ ಸುದ್ದ ಮಾಡಿ ಕೊಟ್ರ ತೊಗೊಂತಿದ್ದೆ. ಮೈ ಚಲೋ ಐತಿ ಗಾಡಿದು."

ಅಂಗಡಿಯ ಪ್ಲಗ್ಗಿನಿಂದ ಗಾಡಿ ಕುಡಿದು ಮುಗಿಸುವಷ್ಟರಲ್ಲಿ ನೆರಳು ಉದ್ದವಾಗಿತ್ತು. ಅಕ್ಕತಮ್ಮನನ್ನು ಹುನಗುಂದದ ಬಸ್ಸಿಗೆ ಹತ್ತಿಸಿದೆ. ಗಂಗಕ್ಕ ಮೆಟ್ಟಿಲು ಹತ್ತುತ್ತಲೇ ಎಡಗೈಯನ್ನು ಎದೆಗೆ ಅವಚಿಕೊಂಡಳು. ಬಸ್ಸು ಮರೆಯಾದ ಮೇಲೂ ಅದೇ ನನ್ನ ಕಣ್ಣ ಮುಂದೆ ಇತ್ತು.

ಮರುದಿನ ಸಣ್ಣ ಸಾಹುಕಾರರು ಕುದಿಯುತ್ತಿದ್ದರು. "ಈರಣ್ಣಾವ್ರ, ನೀವು ಪಗಾರ ತೊಗೊಳ್ಳೂದು ನಮ್ಮ ಹಂತೇಕೋ, ಅವರ ಹಂತೇಕೋ?"

"ನಿಮ್ಮ ಹಂತೇಕಽ ರಿ. ಅದಕ್ಕ ನಿಮ್ಮ ಹೆಸರು ಉಳಿಸೇನಿ. ಹಾದ್ಯಾಗ ಆ ಹೆಣ್ಮಗಳಿಗೆ ಏನರ ಆಗಿದ್ರ ಹುನಗುಂದದಾಗ ಯಾರ ಹೆಸರು ಹೇಳ್ತಿದ್ರು, ನಂದೇನ್ರಿ?" ಅಂದೆ. ನನ್ನ ದನಿ ಎದ್ದಿತ್ತು. ಒಳಗಿನ ಹುಡುಗರೆಲ್ಲ ಗಾಜಿನ ಹಿಂದೆ ಬಂದು ನಿಂತಿದ್ದರು.

ಅವರು ಕುರ್ಚಿಯಲ್ಲಿ ಕೂತು ಹಣೆ ಒರೆಸಿಕೊಂಡರು. "ಬ್ಯಾಟರಿಗೆ ಕಂಪನಿ ಗ್ಯಾರಂಟಿ ಐತಿ, ಖರೆ. ಆದ್ರ ಗ್ಯಾರಂಟಿ ಶುರು ಆಗೂದು ನಂಬರ್ ಬಿದ್ದ ದಿನದಿಂದ. ಈಗ ಕೇಳಿದ್ರ, ಮಾಲಕ ಯಾರು ಅಂತಾರ. ಮಾಲಕ ಆಗಬೇಕಾದ್ರ ಅವರು ಮೊದಲು ಕೆಟ್ಟ ಬ್ಯಾಟರಿ ಗಾಡಿ ತೊಗೋಬೇಕು. ಯಾರು ತೊಗೊಂತಾರ?"

ಗಂಟು ಇದ್ದದ್ದೇ ಅಲ್ಲಿ. ಬಾಗಿಲಲ್ಲಿ ನಿಂತಿದ್ದ ರೇಣುಕಾ ಮೆತ್ತಗೆ ಹೇಳಿದಳು. "ಸರ್, ನಮ್ಮ ಹೆಸರಿಗೇ ನಂಬರ್ ಮಾಡ್ಸಿದ್ರ? ಮಾಲಕ ನಾವಽ ಆಗ್ತೀವಿ. ನಾವಽ ಗ್ಯಾರಂಟಿ ಕೇಳೂಣು. ಸುದ್ದ ಆದ ಮ್ಯಾಲ ಅವರಿಗೆ ಕೊಡೂಣು."

"ಆವಾಗ ಅದು ಸೆಕೆಂಡ್ ಹ್ಯಾಂಡ್ ಆತಲ್ಲವಾ. ಮೊದಲನೇ ಪೂಜಿ ತಮ್ಮದಽ ಆಗಬೇಕಂತ ಆತ ಅವತ್ತಽ ಹೇಳಾಕತ್ತಿದ್ದ. ಒಲ್ಲೆ ಅಂದ್ರ ಗಾಡಿ ನನ್ನ ಕೊಳ್ಳಾಗ ಬೀಳ್ತೈತಿ."

ಅದೂ ಖರೆ. ಒಂದು ಸಲ ನಂಬರ್ ಬಿದ್ದರೆ ಮತ್ತೆ ಹೊಸ ಗಾಡಿ ಆಗುವ ಹಾಗಿಲ್ಲ. "ಕೇಳಿ ಬರ್ತೇನಿ" ಎಂದು ನಾನು ಹುನಗುಂದದ ಬಸ್ಸು ಹಿಡಿದೆ.

ಗಿರಣಿಯ ಸಪ್ಪಳದಲ್ಲಿ ಕೂಗಿಯೇ ಎಲ್ಲ ಹೇಳಿದೆ. ಮಾಂತೇಶ ಗಿರಣಿ ನಿಲ್ಲಿಸಿದ. ಒಪ್ಪಲಿಲ್ಲ. "ಮಂದಿ ಹೆಸರಿಗೆ ನಂಬರ್ ಬಿದ್ದ ಗಾಡಿ, ಮ್ಯಾಲ ಒಮ್ಮೆ ರಿಪೇರಿ ಆದದ್ದು. ಅದರಾಗ ನಮ್ಮಕ್ಕನ್ನ ಕುಂದರಸಲೇನ್ರಿ? ಓಣ್ಯಾಗ ಏನಂದಾರು?" ಎಂದ.

ಗಂಗಕ್ಕ ಒಳಗಿನಿಂದ ಬಂದು ಕಟ್ಟೆಯ ಮೇಲೆ ಕೂತಳು. "ಲೇ ಮಾಂತ್ಯಾ, ಅಲ್ಲಿ ಬಾಗಲಕೋಟ್ಯಾಗ ಆ ಮಶೀನಿನೊಳಗ ನನ್ನ ರಕ್ತ ಹೋಗಿ ಬರತೈತಿ. ನನ್ನಕಿಂತ ಮೊದಲ ಅದರಾಗ ಎಷ್ಟ ಮಂದಿದು ಹೋಗಿ ಬಂದೈತೋ. ನಾ ಎಷ್ಟನೇ ಮಾಲಕಿ ಅಂತ ಕೇಳೇನೇನು? ಆ ಮಶೀನೂ ಎರಡು ಸಲ ರಿಪೇರಿ ಆಗೇತಿ. ರಿಪೇರಿ ಆದ ಮ್ಯಾಲ ಅದಕ್ಕ ಕುಂಕುಮ ಹಚ್ಚಿ ನಾನಽ ಕೈ ಮುಗದೇನಿ."

ಮಾಂತೇಶ ಹಿಟ್ಟಿನ ಕೈಯಿಂದ ಕಣ್ಣು ಒರೆಸಿಕೊಂಡ, ಮುಖ ಇನ್ನಷ್ಟು ಬೆಳ್ಳಗಾಯಿತು. ಗಂಗಕ್ಕ ನನ್ನ ಕಡೆ ತಿರುಗಿ, "ಹೂಂ ಅಂದಾನ ಅಂತ ಹೋಗಿ ಹೇಳ್ರಿ ಅಣ್ಣಾರ" ಎಂದಳು.

ಮಾಂತೇಶನ ಹೂಂ ಮುಟ್ಟಿಸಿದ ಮೇಲೆ ಸಣ್ಣ ಸಾಹುಕಾರರು ತಡ ಮಾಡಲಿಲ್ಲ. ಗಾಡಿಗೆ ಶೋರೂಮಿನ ಹೆಸರಿನಲ್ಲಿ ಕೆಎ ಇಪ್ಪತ್ತೊಂಬತ್ತರ ನಂಬರ್ ಬಿದ್ದಿತು. ಕಂಪನಿಯವರು ಸುಲಭಕ್ಕೆ ಒಪ್ಪಲಿಲ್ಲ. ಇಷ್ಟು ದಿನ ಯಾಕೆ ನಿಲ್ಲಿಸಿದಿರಿ, ಹೇಗೆ ನಿಲ್ಲಿಸಿದಿರಿ ಎಂದು ತಿರುಗಿ ತಿರುಗಿ ಕೇಳಿದರು. ರೇಣುಕಾ ಫೋನ್ ಬಿಡಲಿಲ್ಲ. ಅವರಿಗೆ ಅವಳ ದನಿ ಕೇಳಿದರೇ ಸಾಕಾಗುವ ಹಾಗೆ ಮಾಡಿದಳು. ಕೊನೆಗೆ ಗಾಡಿ ಹುಬ್ಬಳ್ಳಿಗೆ ಹೋಗಿ, ಸೋತ ಸೆಲ್‌ಗಳ ಗುಂಪನ್ನು ತೆಗೆಸಿ ಹೊಸದನ್ನು ಹಾಕಿಸಿಕೊಂಡು ಬಂತು. ಹುಸೇನಸಾಬ ಈಗ ಅದಕ್ಕೆ ಅರ್ಧ ಹೊಟ್ಟೆಯೇ ಉಣಿಸಿದ, ತಗಡು ಬಿಟ್ಟು ಯಾರ್ಡಿನ ಮೂಲೆಯ ಮರದ ನೆರಳಿಗೆ ನಿಲ್ಲಿಸಿದ. ನಾವು ಮತ್ತೊಮ್ಮೆ ಜೋಳದ ಚೀಲ ಹೇರಿಕೊಂಡು ಹುನಗುಂದಕ್ಕೆ ಹೋಗಿ ಬಂದೆವು. ಬಾಗಲಕೋಟೆ ಮುಟ್ಟಿದಾಗಲೂ ಇಳಕಲ್ಲಿನ ತನಕ ಹೋಗುವಷ್ಟು ಮಿಕ್ಕಿತ್ತು. ಅದಾದ ಮೇಲೆಯೇ ಗಾಡಿ ಮಾಂತೇಶನ ಹೆಸರಿಗೆ ಆಯಿತು. ಆರ್‌ಸಿಯಲ್ಲಿ ಎರಡನೆಯ ಮಾಲೀಕ ಎಂದೇ ಇದೆ.

ಹೊಸಬರಿಗೆ ನನ್ನ ಮಾತು ಇಷ್ಟು. ಯಾರ್ಡಿನಲ್ಲಿ ನಿಂತೇ ಹಳೆಯದಾದ, ನಂಬರ್ ಬೀಳದ ಎಲೆಕ್ಟ್ರಿಕ್ ಗಾಡಿ ಸೋವಿಗೆ ಸಿಕ್ಕರೆ ಟೈರು, ಸೀಟು, ಬಣ್ಣ ನೋಡಿ ಮರುಳಾಗಬೇಡಿ. ಬ್ಯಾಟರಿಯ ಒಳಗನ್ನು ಕಂಪ್ಯೂಟರಿನಲ್ಲಿ ನೋಡಿಸಿ, ಹೇಗೆ ನಿಂತಿತ್ತು ಎಂದು ವಾಚ್‌ಮನ್‌ನನ್ನು ಕೇಳಿ, ಗ್ಯಾರಂಟಿ ಯಾವ ದಿನದಿಂದ ಎಂದು ತಿಳಿದುಕೊಳ್ಳಿ, ಆಮೇಲೆ ನಿಮ್ಮ ದಾರಿಯಲ್ಲಿ, ನಿಮ್ಮ ಹೊರೆ ಹಾಕಿ ಓಡಿಸಿ. ನಾನು ಕಿವಿಯಿಂದ ನೋಡುತ್ತಿದ್ದ ಕಾಲ ಹೋಯಿತು. ಆ ಡೀಸೆಲ್ ಮುಂಜಾನೆಗಳು ಈಗಲೂ ನೆನಪಾಗುತ್ತವೆ. ಆದರೆ ನಿಮ್ಮ ಕಾಲದ ಗಾಡಿಯನ್ನು ನನ್ನ ಕಾಲದ ಪ್ರೀತಿಯಿಂದ ಮಾತ್ರ ಸಾಕಲು ಆಗದು.

ಆ ವರ್ಷದ ಬೇಸಿಗೆಯಲ್ಲೇ ವಯಸ್ಸಾಯಿತೆಂದು ನಾನು ಕೆಲಸ ಬಿಟ್ಟೆ. ಮನೆಯಲ್ಲಿ ಕೂತು ನಾಲ್ಕು ದಿನವೂ ಆಗಿರಲಿಲ್ಲ, ಸುಡು ಬಿಸಿಲಿನ ಮಧ್ಯಾಹ್ನ ಮಾಂತೇಶನ ಫೋನ್ ಬಂತು. ಪಿಸುದನಿಯಲ್ಲಿ ಮಾತಾಡುತ್ತಿದ್ದ. ದಾರಿಯಲ್ಲಿ ನಿಂತಿತೆಂದುಕೊಂಡು ನಾನೇ ಮೊದಲು ಕೇಳಿದೆ.

"ಎಲ್ಲಿ ನಿಂತೇತಪ್ಪಾ ಗಾಡಿ?"

"ನಮ್ಮ ಮನಿ ಮುಂದ ಐತ್ರಿ ಕಾಕಾ. ದವಾಖಾನಿಯಿಂದ ಈಗ ಬಂದ್ವಿ. ಅಕ್ಕಗ ಅಮೀನಗಡದಾಗ ನಿದ್ದಿ ಹತ್ತಿತು, ಇನ್ನೂ ಎದ್ದಿಲ್ಲ. ಹಿಂಗ ಆಕಿ ಮಲಗಿದ್ದು ನಾ ನೋಡಽ ಇಲ್ಲ. ಎಬ್ಬಸಾಕ ಮನಸ್ಸಾಗವಲ್ದು. ಗಾಡಿ ನಿಲ್ಲಿಸಿ ಎಸಿ ಹಂಗಽ ಬಿಟ್ರ ಗಾಡಿಗೆ ಏನರ ಆಗತೈತೇನ್ರಿ?"

"ಏನೂ ಆಗಂಗಿಲ್ಲ" ಅಂದೆ. "ಅದಕ್ಕ ಇಂಜಿನ್ ಇಲ್ಲ, ಹೊಗಿ ಇಲ್ಲ. ಬಾಗಲಾ ಹಾಕು, ನೀ ಹಂತೇಕ ಇರು. ಎಷ್ಟೊತ್ತು ಮಲಗ್ತಾಳೋ ಮಲಗಲಿ."

ಫೋನನ್ನು ಅವನು ಇಡಲಿಲ್ಲ, ನಾನೂ ಇಡಲಿಲ್ಲ. ಆ ಕಡೆ ಗಾಡಿಯ ತಂಪು ಗಾಳಿಯ ಸಣ್ಣ ಸುಯ್ಲು. ಅದರ ನಡುವೆ ಗಂಗಕ್ಕನ ಗೊರಕೆ.